ಕಾಫಿ ಬೀಜವನ್ನು ಮಿಕ್ಸಿಗೆ ಹಾಕಬೇಡಿ

ಮೊನ್ನೆ ಮೊಮ್ಮಗಳು ಚಟ್ನಿಪುಡಿ ಮಾಡಿದ ಜಾರಿಗೇ ಹುರಿದ ಕಾಫಿ ಬೀಜ ಸುರಿದು ಗಿರ್ರೆನಿಸಿದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಕಾಫಿಗೆ ಇಂಗಿನ ವಾಸನೆ ಹತ್ತಿದ್ದು ಒತ್ತಟ್ಟಿಗಿರಲಿ. ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಕೊಚ್ಚುತ್ತದೆ. ಅರ್ಧ ಹಿಟ್ಟಾಗುತ್ತದೆ, ಅರ್ಧ ನುಚ್ಚಾಗಿಯೇ ಉಳಿಯುತ್ತದೆ. ಹಿಟ್ಟು ಫಿಲ್ಟರಿನ ತೂತು ಮುಚ್ಚುತ್ತದೆ, ನುಚ್ಚು ಸತ್ವ ಬಿಡುವುದಿಲ್ಲ. ಜಾರು ಬಿಸಿಯಾಗಿ ಘಮವೂ ಹೋಗುತ್ತದೆ. ಚಟ್ನಿಗೆ ಮಿಕ್ಸಿ ಇರಲಿ, ನಾನು ಬೇಡವೆನ್ನುವುದಿಲ್ಲ.

ಚಿಕ್ಕಮಗಳೂರಿನ ಕಡೆಯ ನನ್ನ ತವರಿನಲ್ಲಿ ಅಡುಗೆಮನೆಯ ಹಲಗೆಗೆ ತಿರುಪು ಹಾಕಿ ಕೂರಿಸಿದ ಕಬ್ಬಿಣದ ಕಾಫಿ ಮಿಲ್ಲಿತ್ತು. ಹಲ್ಲಿರುವ ಎರಡು ಬಿಲ್ಲೆಗಳ ನಡುವೆ ಬೀಜ ಸಿಕ್ಕಿ ಪುಡಿಯಾಗುತ್ತದೆ. ಆ ಸಂದಿಗಿಂತ ದಪ್ಪನೆಯ ಚೂರು ಕೆಳಗಿಳಿಯುವಂತೆಯೇ ಇಲ್ಲ. ಬೆಳಗ್ಗೆ ಹಿಡಿ ತಿರುಗಿಸುವ ಕೆಲಸ ನನ್ನದು. ಅವಸರ ಮಾಡಿದರೆ ಅಜ್ಜಿ ದೇವರ ಮನೆಯಿಂದಲೇ ಸದ್ದು ಕೇಳಿ ಗದರುತ್ತಿದ್ದರು. ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ಚಿರೋಟಿ ರವೆಯಂತಿರಬೇಕು. ಮೈದಾದಂತೆ ಅಂಟಿದರೆ ಬಿಲ್ಲೆಗಳನ್ನು ಬಿಗಿಯುವ ತಿರುಪು ಸಡಿಲಿಸಿ. ಮಿಲ್ಲಿಗೆ ನೀರು ಸೋಕಿಸಬೇಡಿ, ತುಕ್ಕು ಹಿಡಿಯುತ್ತದೆ. ಚಿಕೋರಿ ಬೇಕಾದವರು ಆಮೇಲೆ ಬೆರೆಸಿಕೊಳ್ಳಿ.

ಇನ್ನು ಡಿಕಾಕ್ಷನ್. ಇಲ್ಲಿಯೇ ಎಲ್ಲರೂ ಎಡವುವುದು. ಫಿಲ್ಟರಿನ ಮೇಲಿನ ಪಾತ್ರೆ ಚೆನ್ನಾಗಿ ಒಣಗಿರಬೇಕು. ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ತಟ್ಟಿ ಸಮ ಮಾಡಿ, ಹಿಡಿಯಿರುವ ತೂತಿನ ತಟ್ಟೆಯನ್ನು ಮೆಲ್ಲಗೆ ಕೂರಿಸಿ. ಅದರ ತೂಕವೇ ಸಾಕು, ಒತ್ತಬೇಡಿ. ಕುದಿದ ನೀರನ್ನು ಇಳಿಸಿ, ಕುದಿತ ಅಡಗಿದ ಮೇಲೆ, ಪುಡಿ ನೆನೆಯುವಷ್ಟು ಮಾತ್ರ ಸುತ್ತಲೂ ಹನಿಸಿ. ತೂತುಗಳಲ್ಲಿ ಗುಳ್ಳೆ ಏಳುತ್ತದೆ. ಹೊಸದಾಗಿ ಹುರಿದ ಬೀಜದೊಳಗಿನ ಗಾಳಿ ಅದು. ಅದು ಹೊರಬೀಳುವ ಮೊದಲೇ ನೀರು ತುಂಬಿದರೆ, ನೀರು ಪುಡಿಯೊಳಗೆ ಇಳಿಯದೆ ಪಕ್ಕದಿಂದ ಜಾರಿಕೊಳ್ಳುತ್ತದೆ, ಡಿಕಾಕ್ಷನ್ ತೆಳ್ಳಗಾಗುತ್ತದೆ. ಗುಳ್ಳೆ ಅಡಗುವವರೆಗೆ ಕಾಯಿರಿ, ಆಮೇಲೆ ತುಂಬಿ ಮುಚ್ಚಿ. ಮತ್ತೆ ಮುಟ್ಟಬೇಡಿ. ಇಳಿಯಲಿಲ್ಲವೆಂದು ಚಮಚದಿಂದ ಕೆದಕುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರವನ್ನು ಮಗ ತಂದುಕೊಟ್ಟಿದ್ದಾನೆ. ಹೀಗೆ ಕಾದು ಹನಿ ಹನಿಯಾಗಿ ಇಳಿದ ಡಿಕಾಕ್ಷನ್ನಿನ ರುಚಿ ಅದರದ್ದಲ್ಲ.

ತೂತು ಕಟ್ಟಿದರೆ ಸೂಜಿ ಚುಚ್ಚಬೇಡಿ, ಹಿಗ್ಗಿಬಿಡುತ್ತವೆ. ಸ್ಟೀಲಿನದಾದರೆ ಉರಿಯ ಮೇಲೆ ಹಿಡಿದು, ಸಿಕ್ಕಿಕೊಂಡ ಪುಡಿ ಸುಟ್ಟುಹೋದ ಮೇಲೆ ಆರಿಸಿ ತೊಳೆಯಿರಿ.

ಆರಿದ ಡಿಕಾಕ್ಷನ್ನನ್ನು ಮತ್ತೆ ಒಲೆಗೆ ಇಟ್ಟು ಕುದಿಸಬೇಡಿ. ಹಾಲನ್ನೇ ಉಕ್ಕುವಂತೆ ಕಾಯಿಸಿ, ಅದಕ್ಕೆ ಬೆರೆಸಿ.