ಭಾವಗೀತಿ ಹಾಡಾಕಿ ಡಾನ್ಸ್ ಪಾಪ್‌ಗೆ ಹೋದದ್ದು: ನನ್ನ ಅನುಭವ

ಮೊದಲ ಒಂದ ಮಾತ ಹೇಳಿಬಿಡ್ತೀನಿ, ನಾನು ಕುಣಿಯಾಕಿ ಅಲ್ಲ. ಮದವಿ ಮೆರವಣಿಗ್ಯಾಗೂ ಹಿಂದ ನಿಂತು ಎಲ್ಲಾರ ಪರ್ಸು, ಮೊಬೈಲು ಹಿಡ್ಕೊಳ್ಳಾಕಿ. ಧಾರವಾಡದಾಗ ಒಂಬತ್ತ ವರ್ಷ ಹಿಂದುಸ್ತಾನಿ ಕಲ್ತು, ಲಗ್ನ ಆಗಿ ಹುಬ್ಬಳ್ಳಿಗೆ ಬಂದು, ಆಮ್ಯಾಲಿಂದ ಭಾವಗೀತಿ, ವಚನ, ಶರೀಫಜ್ಜನ ತತ್ವಪದ ಇಷ್ಟ ಹಾಡ್ಕೊಂಡ ಬಂದೀನಿ. ಆರತಕ್ಷತೆ, ಮಠದ ಜಾತ್ರಿ, ರಾಜ್ಯೋತ್ಸವ. ಹಾರ್ಮೋನಿಯಂ, ತಬಲಾ, ಒಂದ ಮೈಕು, ಕಡೀಕ ಒಂದ ಶಾಲು.

ಮತ್ತ ಹೆಂಗ ಈ ಡಾನ್ಸ್ ಪಾಪಿನ್ಯಾಗ, ಅಂದ್ರ ಮಂದಿ ಕುಣಿಯೂ ಬೀಟಿನ ಹಾಡಿನ್ಯಾಗ, ಬಿದ್ದಿ ಅಂತ ಎಲ್ಲಾರೂ ಕೇಳ್ತಾರ. ಹಾವೇರಿಯಾಗ ಒಂದ ಆರತಕ್ಷತೆ ಇತ್ತು. ನಾ ಎರಡನೇ ಹಾಡಿನ್ಯಾಗ ಇದ್ದಾಗನ ಡಿಜೆ ಹುಡುಗ ವೈರ್ ಹಿಡ್ಕೊಂಡು ನನ್ನ ಕಾಲ ಹತ್ರನ ಜೋಡಸಾಕ ಚಾಲೂ ಮಾಡಿದ. ಸಿಟ್ಟ ಬಂತು, ಖರೇ. ಆದ್ರ ನಾ ಇಳದ ಮ್ಯಾಲ ಅಂವ ಹಾಡ ಹಾಕಿದಾಗ ಏನಾತು ಅಂದ್ರ, ನನ್ನ ಹಾಡಿಗೆ ಕೈ ಕಟಗೊಂಡು ಕುಂತಿದ್ದ ಅರವತ್ತು ದಾಟಿದ ಹೆಣ್ಮಕ್ಕಳು ಸೆರಗು ಸಿಕ್ಕಿಸ್ಕೊಂಡು ಎದ್ದು ಕುಣದ್ರು. ನಾ ಅಲ್ಲೇ ಗೋಬಿ ತಿನಕೋಂತ ನಿಂತು ನೋಡಿನಿ. ನಂಗೂ ಆ ಎಬ್ಬಿಸೂ ಕೆಲಸ ಬೇಕು ಅನಿಸ್ತು, ಅಷ್ಟ.

ಅಕ್ಕನ ಮಗ ವಿದ್ಯಾನಗರದಾಗ ಒಂದ ರೂಮ್ ಹಿಡದಾನ, ಲ್ಯಾಪ್‌ಟಾಪಿನ್ಯಾಗ ಎಫ್‌ಎಲ್ ಸ್ಟುಡಿಯೋ ಅನ್ನೂ ಹಾಡ ಮಾಡೂ ಸಾಫ್ಟ್‌ವೇರ್ ಹಾಕ್ಕೊಂಡು ಬೀಟ್ ಮಾಡ್ತಾನ, ಡಿಪ್ಲೊಮಾ ಅಂತೂ ಇನ್ನೂ ಮುಗದಿಲ್ಲ. ಅವಂಗ ಹೇಳಿದೆ. ನಗತಾನ ಅನ್ಕೊಂಡಿದ್ದೆ, ನಗಲಿಲ್ಲ. "ಚಿಗವ್ವಾ, 1974ರಾಗ ಇಡೀ ಜಗತ್ತು ಕುಣದ ಕುಂಗ್ ಫೂ ಫೈಟಿಂಗ್ ಹಾಡ ಐತೆಲ್ಲಾ, ಅದನ್ನ ಲಂಡನ್ನಿನ್ಯಾಗ ಮಾಡಿಸಿದಾಂವ ಬೆಂಗಳೂರಾಗ ಹುಟ್ಟಿದ ಕೊಡವರ ಬಿಡ್ಡು ಅಪ್ಪಯ್ಯ. ನಮ್ಮ ಕಡೆಯವ್ರಿಗೆ ಇದು ಆಗೂದಿಲ್ಲ ಅನಬ್ಯಾಡ" ಅಂದ. ಅದ ಬಿಡ್ಡು ಆಮ್ಯಾಲ ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್‌ ಕಡೆ ಹಾಡಿಸಿದ್ದು ನಂಗೂ ಗೊತ್ತಿತ್ತು, ಕೊಡಗಿನ ಮಂದಿ ಅನ್ನೂದು ಗೊತ್ತಿರಲಿಲ್ಲ.

ಇನ್ನ ಕೆಲಸದ ಸುದ್ದಿ. ಡಾನ್ಸ್ ಪಾಪ್ ಅಂದ್ರ ಲಯ ಜೋರ ಮಾಡಿ ಹಾಡೂದು ಅನ್ಕೊಂಡಿದ್ದೆ. ಅಂವ 124 ಬಿಪಿಎಂ ಇಟ್ಟ, ಅಂದ್ರ ನಿಮಿಷಕ್ಕ 124 ಪೆಟ್ಟು, ಪ್ರತಿ ಪೆಟ್ಟಿಗೂ ಒಂದ ಕಿಕ್, ಅಂದ್ರ ದೊಡ್ಡ ಡ್ರಮ್ಮಿನ ಧಂ ಅನ್ನೂ ಸದ್ದು, ನಾಕಕ್ಕ ನಾಕೂ. ನಾನೂ ಅದರ ಬೆನ್ನ ಹತ್ತಿ ಓಡಿ ಓಡಿ ಹಾಡಿನಿ, ಕೇಳಿದ್ರ ಬಸ್ಸಿಗೆ ಓಡೂ ಹೆಣಮಗಳ ಹಂಗ ಕೇಳ್ತಿತ್ತು. ಎಂಟ ದಿನ ಹಂಗ ಹಾಳಾತು. ಆಮ್ಯಾಲ ಅಂವನ ಹೇಳಿದ, ನೀ 62ರಾಗ ಹಾಡು, ಕಿಕ್ 124ರಾಗ ಓಡಲಿ ಅಂತ. ನಮ್ಮ ದುಗುಣ, ಅಂದ್ರ ಎರಡಪಟ್ಟು ಲಯದ ಲೆಕ್ಕಾನ ಇದು, ತಿರುಗಿಸಿದ್ದು. ಕಾಲಿಗೆ ಬೀಟು, ಕೊರಳಿಗೆ ಅದ ಹಳೇ ಭಾವಗೀತಿ ನಡಿಗಿ. ಅವತ್ತ ಹಾಡು ನೆಲಕ್ಕ ನಿಂತು.

ಆದ್ರ ಖರೇ ತ್ರಾಸು ಬ್ಯಾರೆ ಇತ್ತು. ನಮ್ಮ ತಬಲಾದಾಂವ ಹದಿನೈದ ವರ್ಷದಿಂದ ನನ್ನ ಜೋಡಿ ಅದಾನ, ನಾ ಎಲ್ಲಿ ಉಸಿರ ತಗೋತೀನಿ, ಎಲ್ಲಿ ಶಬ್ದ ಎಳೀತೀನಿ ಅಂವಗ ಗೊತ್ತು, ನಾ ಸ್ವಲ್ಪ ತಡಾ ಮಾಡಿದ್ರ ಅಂವ ಕಾಯ್ತಾನ, ತಾಲದ ಮೊದಲ ಪೆಟ್ಟಾದ ಸಮ್‌ಗೆ ಇಬ್ಬರೂ ಕೂಡಿ ಬರ್ತೀವಿ, ಮಂದಿ ವಾಹ್ ಅಂತಾರ, ನಾ ಅದನ್ನ ನನ್ನ ಲಯಜ್ಞಾನ ಅನ್ಕೊಂಡಿದ್ದೆ. ಕಿವ್ಯಾಗ ಕ್ಲಿಕ್, ಅಂದ್ರ ಮಷೀನಿನ ಟಿಕ್ ಟಿಕ್ ಲಯ, ಹಾಕ್ಕೊಂಡು ಹಾಡಿದಾಗ ಗೊತ್ತಾತು, ಅದರಾಗ ಅರ್ಧ ಅಂವನ ಸಂಭಾವಿತತನ ಇತ್ತು. ಮಷೀನ್ ಯಾರಿಗೂ ಕಾಯೂದಿಲ್ಲ. ಕಂಪ್ಯೂಟರಿನ್ಯಾಗ ನನ್ನ ದನಿಯ ಗೆರಿ ನೋಡಿದ್ರ ಪ್ರತಿ ಸಾಲಿನ ಮೊದಲ ಅಕ್ಷರ ಕಿಕ್ಕಿನ ಹಿಂದ ಬಿದ್ದಿತ್ತು. ಹದಿನೈದ ದಿನ ಬರೇ ಮೆಟ್ರೋನೋಮ್ ಹಾಕ್ಕೊಂಡು ಪಲಟಾ, ಅಂದ್ರ ಸ್ವರ ಹೊಳ್ಳಿಸಿ ಹೊಳ್ಳಿಸಿ ಹಾಡೂ ಅಭ್ಯಾಸ, ಮಾಡಿನಿ, ಅದೂ ಬರೇ ಆ ಅನ್ಕೋಂತ ಅಲ್ಲ, ಕ ತ ಪ ಇಂಥಾ ಗಟ್ಟಿ ಅಕ್ಷರ ಹಿಡದು.

ಇದರ ನಡಕ ಒಂದ ಮೂರ್ಖತನ. ಎರಡ ದಿನ ಪೂರ್ತಿ ರೆಕಾರ್ಡ್ ಮಾಡಿದ್ದು ಎಲ್ಲಾ ತಡಾ ಬಂತು, ಹಿಂಗ್ಯಾಕ ಅಂತ ನಾ ಅಳೂದೊಂದ ಬಾಕಿ. ನೋಡಿದ್ರ ನಾ ಕಿವ್ಯಾಗ ಹಾಕ್ಕೊಂಡಿದ್ದು ಬ್ಲೂಟೂತ್! 124ರಾಗ ಒಂದ ಬೀಟ್ ಅಂದ್ರ ಹೆಚ್ಚುಕಮ್ಮಿ 484 ಮಿಲಿಸೆಕೆಂಡ್, ಅದರ ಕಾಲಭಾಗ 121. ಬ್ಲೂಟೂತ್ ಒಂದ ಅಷ್ಟ ತಡಾ ಮಾಡಬಲ್ಲುದು. ವೈರ್ ಇರೂ ಹೆಡ್‌ಫೋನ್ ತಗೋರಿ, ಇನ್ನೂರ ರೂಪಾಯಿದ ಇರಲಿ. ಮತ್ತ ಸೆಟ್ಟಿಂಗಿನ್ಯಾಗ ಬಫರ್ ಅಂತ ಇರ್ತತಿ, ಕಂಪ್ಯೂಟರ್ ಒಮ್ಮೆಗೆ ಎಷ್ಟ ದನಿಯ ತುಣುಕು ಹಿಡದ ಇಟಗೋತತಿ ಅನ್ನೂ ಲೆಕ್ಕ, ಅದು 1024 ಇದ್ರ 44.1 ಕಿಲೋಹರ್ಟ್ಸ್ ರೆಕಾರ್ಡಿಂಗಿಗೆ ಅದೊಂದ 23 ಮಿಲಿಸೆಕೆಂಡ್ ತಿಂತತಿ. ಹಾಡೂ ಮುಂದ 128ಕ್ಕ ಇಳಸ್ರಿ, ಮಿಕ್ಸ್ ಮಾಡೂ ಮುಂದ ಬೇಕಾದ್ರ ಏರಸ್ರಿ.

ರೂಮಿನ ವ್ಯವಸ್ಥಾ ಏನ ದೊಡ್ಡದಲ್ಲ. ಅವ್ವ ಹೊಲಿದ ನಾಕ ಕೌದಿ ಇದ್ದು, ಮೂರು ಗ್ವಾಡಿಗೆ ಹೊಡದ್ವಿ, ಒಂದು ಬಾಗಲಾ ಮುಚ್ಚಾಕ. ಗುಂಯ್ ಅನ್ನೂದು ಪೂರಾ ನಿಂತು ಹೋತು. ಮ್ಯಾಲಿನ ಮನಿ ಕುಕ್ಕರ್ ಸೀಟಿ ಮಾತ್ರ ಕೌದಿಗೂ ಬಗ್ಗಲಿಲ್ಲ, ಅದಕ್ಕ ರಾತ್ರಿ ಹತ್ತರ ಮ್ಯಾಲ ರೆಕಾರ್ಡಿಂಗ್.

ಸಾಹಿತ್ಯದ್ದು ಬ್ಯಾರೇನ ಪಾಠ. ಮೊದಲ ನಾ ಬರದದ್ದು ಚಂದ್ರ, ಬೆಳದಿಂಗಳು, ಮೌನ. ಕಿಕ್ ಮ್ಯಾಲ ಇಟ್ರ ಎಲ್ಲಾ ಜಾರಿ ಹೋತು. ಆಮ್ಯಾಲ ಮನ್ಯಾಗ ಮಾತಾಡೂ ಮಾತ ತಗೊಂಡ್ವಿ, "ನಡಿ ನಡಿ ಹೊತ್ತಾತು". ಅವ್ವ ದಿನಾ ಮುಂಜಾನೆ ಒದರೂ ಮಾತು. ಹೊತ್ತಾತು ಒಳಗಿನ ಒತ್ತಕ್ಷರದಾಗ ನಾಲಿಗಿ ಒಂದ ಕ್ಷಣ ಬಾಯಿ ಮುಚ್ಚತೈತಿ ನೋಡ್ರಿ, ಆ ಖಾಲಿ ಜಾಗದಾಗ ಹೈ ಹ್ಯಾಟ್, ಅಂದ್ರ ಡ್ರಮ್ಮಿನ ಜೋಡಿ ಇರೂ ತಾಳದ ಛಿಕ್ ಅನ್ನೂ ಸದ್ದು, ಬಂದು ಕುಂತ್ರ ಏನ ಮಜಾ ಬರ್ತದ. ನಮ್ಮ ಉತ್ತರ ಕರ್ನಾಟಕದ ಮಾತಿನ್ಯಾಗ ಇಂಥಾ ಕಟ್ ಅನ್ನೂ ಶಬ್ದ ಭಾಳ. ಆದ್ರ ಎಳಿಯೂ ಕಡೆ ಹುಷಾರ. "ನಡಿ" ಒಳಗಿನ ನ ಎಳದ್ರ "ನಾಡಿ" ಆಗ್ತತಿ, ಡಾಕ್ಟರ್ ಕೈ ಹಿಡದಂಗ ಅನಿಸ್ತದ. ಅದಕ್ಕ ಡಿ ಎಳದೆ, ಕರಿಯೂ ಮುಂದ ನಾವು ನಡೀ ಅಂತ ಎಳಿಯೂದು ಇದ್ದದ್ದ. ಕನ್ನಡದಾಗ ಟ್ಯೂನ್ ಮೊದಲ ಮಾಡಿ ಶಬ್ದ ತುರುಕಿದ್ರ ಹ್ರಸ್ವ ದೀರ್ಘ ಎಲ್ಲಾ ಕಲಸಿ ಹೋಗ್ತಾವ, ಈಗ ಬರೂ ಭಾಳ ಹಾಡಿನ್ಯಾಗ ಅದ ಹಣೇಬರಾ ಐತಿ. ಇದು ನನ್ನ ಅಭಿಪ್ರಾಯ, ಬೈಯೂದಿದ್ರ ಬೈರಿ.

ಹಾಡೂದರಾಗ ನಾ ಮಾಡಬೇಕಾಗಿದ್ದು ಅಂದ್ರ ಬಿಡೂದು. ಮುರ್ಕಿ ಬಿಡು, ಖಟಕಾ ಬಿಡು, ಅಂದ್ರ ಸ್ವರ ತಿರುವಿ ಅಲಂಕಾರ ಮಾಡೂದೆಲ್ಲಾ ಬಿಡು, ಸ್ವರ ನೆಟ್ಟಗ ನಿಲ್ಲಸು. ಯಾಕಂದ್ರ ಅದ ಸಾಲನ್ನ ನಾಕ ಸಲ ಹಾಡಿ ಒಂದರ ಮ್ಯಾಲ ಒಂದು ಇಡ್ತಾರ, ಡಬ್ಬಲ್ ಅಂತಾರ ಇದಕ್ಕ, ದನಿ ಅಗಲ ಆಗ್ತತಿ. ನಾ ಪ್ರತಿ ಸಲ ಬ್ಯಾರೆ ಹರಕತ್ ತಗೊಂಡ್ರ ನಾಕೂ ಜಗಳಾಡ್ತಾವ. ಒಂಬತ್ತ ವರ್ಷ ಕಲ್ತದ್ದೆಲ್ಲಾ ಒಂದ ಸಲ ಹಾಡಿದಂಗ ಇನ್ನೊಂದ ಸಲ ಹಾಡಬ್ಯಾಡ ಅಂತ, ಇಲ್ಲಿ ನಾಕ ಸಲಾನೂ ಅಚ್ಚ ಹೊಡದಂಗ ಬೇಕು. ಭಾಳ ಬ್ಯಾಸರಾತು, ಒಂದ ರಾತ್ರಿ ಎದ್ದ ಮನಿಗೂ ಬಂದಿದ್ದೆ.

ಇನ್ನೊಂದು ಡ್ರಾಪ್. ಹಾಡು ಏರಿ ಏರಿ, ಎಲ್ಲಾರೂ ಕಾಯೂ ಜಾಗಾ ಬಂದಾಗ ಹಾಡಾಕಿ ಸುಮ್ಮನಿರಬೇಕು! ಬರೇ ಬೇಸು, ಕಿಕ್ಕು. ಮತ್ತ ನಾ ಯಾಕ ಬಂದೆ ಅಂತ ಕೇಳಿದೆ. ಅಂವ ನನ್ನ ಎರಡ ನಿಮಿಷದ ಆಲಾಪದಾಗಿಂದ ಅರ್ಧ ಸೆಕೆಂಡಿನ ಒಂದ "ಆ" ಕಿತ್ತು, ಕೀಬೋರ್ಡಿಗೆ ಹಚ್ಚಿ, ಅದನ್ನ ಶಹನಾಯಿ ಬಾರಿಸಿದಂಗ ಬಾರಿಸಿದ. ನನ್ನ ದನಿ ನಂಗ ಗುರ್ತ ಸಿಗಲಿಲ್ಲ. ಚಲೋ ಇತ್ತು, ಒಪ್ಪತೀನಿ. ಅದರ ಕೆಳಗ ಹೋಳಿ ಟೈಮಿಗೆ ಮೊಬೈಲಿನ್ಯಾಗ ಹಿಡದಿದ್ದ ಜಗ್ಗಲಿಗಿ ಸದ್ದು ಇಟ್ವಿ. ಗಾಲಿಗೆ ಚರ್ಮ ಬಿಗದ ವಾದ್ಯ ಅದು, ಅದರ ಮುಂದ ರೆಡಿಮೇಡ್ ಡ್ರಮ್ ಸ್ಯಾಂಪಲ್ ಎಲ್ಲಾ ಸಪ್ಪಗ.

ಆಟೋಟ್ಯೂನ್, ಅಂದ್ರ ಸ್ವರ ತಪ್ಪಿದ್ರ ಸರಿ ಮಾಡೂ ಸಾಫ್ಟ್‌ವೇರ್, ಹಾಕೀರಾ ಅಂತ ಕೇಳಾವ್ರಿಗೆ: ಹಾಕೀವಿ. 1997ರಾಗ ಇದನ್ನ ತಂದಾಂವ ಆಂಡಿ ಹಿಲ್ಡೆಬ್ರಾಂಡ್, ಮೊದಲ ಭೂಮಿಯೊಳಗ ಎಣ್ಣಿ ಎಲ್ಲೈತಿ ಅಂತ ಸದ್ದಿನ ಅಲಿ ಮ್ಯಾಲ ಹುಡುಕೂ ಕೆಲಸದಾಗ ಇದ್ದಾಂವ. ಮರುವರ್ಷ 1998ರಾಗ ಶೇರ್ ಅನ್ನೂ ಗಾಯಕಿ ಬಿಲೀವ್ ಹಾಡಿನ್ಯಾಗ ಅದನ್ನ ಮುಚ್ಚಿಡದ ಎದ್ದು ಕಾಣೂ ಹಂಗ ಹಚ್ಚಿದಳು. ಆಗ ಆಕಿಗೆ 52. ನಂಗ 38, ನಂದೇನ ಹೋಗೂದು. ಆದ್ರ ನಂದು ಭೀಮಪಲಾಸ ರಾಗದ ಕಡೆ ಹೊಳ್ಳೂ ಟ್ಯೂನು, ಅದರ ಕೋಮಲ ಗಾಂಧಾರ ಮಧ್ಯಮ ಮುಟ್ಟಿ ಮೀಂಡ್ ಮ್ಯಾಲ, ಅಂದ್ರ ಜಾರಿಕೋಂತ, ಇಳಿಬೇಕು. ಮಷೀನ್ ಅದನ್ನ ಹಾರ್ಮೋನಿಯಂ ಪೇಟಿ ಮನಿಗಳ ಹಂಗ ಮೆಟ್ಟಲ ಮಾಡಿಬಿಡ್ತು. ನಾವು ಯಾರೂ ಲಕ್ಷ್ಯ ಕೊಡಲಿಲ್ಲ.

ಗುರುಗಳಿಗೆ ಕೇಳಸಾಕ ಧಾರವಾಡಕ್ಕ ಹೋದೆ. ಚಿಗರಿ ಬಸ್ಸಿನ್ಯಾಗ ದಾರಿಯುದ್ದಕ್ಕೂ ಹೊಟ್ಟ್ಯಾಗ ಕಲಸಿದಂಗ. ಅವರು ಕಣ್ಣ ಮುಚ್ಚಿ ಪೂರ್ತಿ ಕೇಳಿದ್ರು. "ತಾಲ ಯಾವದವಾ ಇದು?" "ಕೇರವಾ ಅನಬಹುದ್ರಿ." "ಸಮ್ ಎಲ್ಲೈತಿ?" "ಎಲ್ಲಾನೂ ಸಮ್ಮರಿ." ನಕ್ಕಬಿಟ್ರು. ಆಮ್ಯಾಲ ಇನ್ನೊಮ್ಮೆ ಹಾಕು ಅಂದು, ಎರಡನೇ ಚರಣಕ್ಕ ಕೈ ಎತ್ತಿದ್ರು. "ಇಲ್ಲಿ ಗಾಂಧಾರ ಯಾರವಾ ಕೊಯ್ದದ್ದು?" ಬೀಟಿಗೆ ಒಂದ ಮಾತೂ ಬೈಲಿಲ್ಲ. ವಾಪಸ್ ಬಂದು ಆ ಸಾಲಿಗಷ್ಟ ಆಟೋಟ್ಯೂನ್ ತಗದು, ಉಳದದ್ದಕ್ಕ ಹಂಗ ಬಿಟ್ವಿ.

ಸ್ಟೇಜಿಂದು ಸಣ್ಣಗ ಹೇಳ್ತೀನಿ. ಕುಂತು ಹಾಡಿದಾಕಿಗೆ ನಿಂತು ಅತ್ತಿತ್ತ ಅಡ್ಯಾಡಿ ಹಾಡಂದ್ರ ಉಸರ ಸಾಲೂದಿಲ್ಲ. ಎರಡ ತಿಂಗಳ ಮುಂಜಾನೆ ನೃಪತುಂಗ ಬೆಟ್ಟ ಹಾಡಿಕೋಂತ ಹತ್ತಿದೆ, ವಾಕಿಂಗ್ ಮಂದಿ ದಾರಿ ಬಿಡ್ತಿದ್ರು. ಮೊದಲ ಶೋ ಒಂದ ಕಾಲೇಜಿನ ಗ್ಯಾದರಿಂಗ್, ಅಲ್ಲಿ ನಡುವ ಲ್ಯಾಪ್‌ಟಾಪ್ ಅಪ್‌ಡೇಟ್ ಅಂತ ನೀಲಿ ಬಣ್ಣ ತೋರಿಸಿ ಕುಂತು. ಕಿಕ್ಕಿಲ್ಲ, ಬೇಸಿಲ್ಲ. ಹುಡುಗರು ಚಪ್ಪಾಳಿಲೇ ಬೀಟ್ ಹಿಡದ್ರು, ನಾ ಅದರ ಮ್ಯಾಲ ಹಾಡಿ ಮುಗಿಸಿದೆ. ಚಪ್ಪಾಳಿ ನಂಗ ಕಾಯ್ತಿತ್ತು ಅನ್ನೂದೂ ಗೊತ್ತಾತು. ಅವತ್ತಿಂದ ಟ್ರ್ಯಾಕ್ ಪೆನ್‌ಡ್ರೈವಿನ್ಯಾಗೂ ಇಟ್ಟಿರ್ತೀನಿ, ದನಿ ಕುಗ್ಗಿಸದ ವೇವ್ ಫೈಲು, ವಾಟ್ಸಾಪಿನ್ಯಾಗ ಬಂದದ್ದಲ್ಲ.

ಹೋದ ತಿಂಗಳ ಗದಗಿನ್ಯಾಗ ಆರತಕ್ಷತೆ. ಮೂರು ಭಾವಗೀತಿ ಆದ್ವು, ಡಿಜೆ ಹುಡುಗ ವೈರ್ ಹಿಡ್ಕೊಂಡು ಬಂದ. "ಅಕ್ಕಾರ, ನಿಮ್ಮ ಹೊತ್ತಾತು ಹಾಡ್ತೀರೇನ್ರಿ, ನಾ ಹಾಕ್ತೀನಿ" ಅಂದ. ಪರ್ಸಿನ್ಯಾಗಿಂದ ಪೆನ್‌ಡ್ರೈವ್ ತಗದ ಕೊಟ್ಟೆ. ಆ ಪರ್ಸ್ ಹಿಡ್ಕೋ ಅಂತ ತಬಲಾದಾಂವನ ಕೈಯಾಗ ಕೊಟ್ಟು ಎದ್ದ ನಿಂತೆ. ರೊಕ್ಕ ಮಾತ್ರ ಮೂರ ಹಾಡಿಂದ ಕೊಟ್ಟಾರ, ಅದನ್ನ ಇನ್ನೂ ಕೇಳಬೇಕು.