ಕಾರಿನ ಹಿಂದಿನ ಲೈಟ್ ಒಡದದೇನು? ಹೊಸದು ಬರೋತನಕ ಹಿಂಗ ಮಾಡ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಿಲ್ಸಿರೋ ಕಾರುಗಳ ಹಿಂದಿಂದ ಒಂದ್ ಸುತ್ತು ಹಾಕ್ರಿ, ಟೇಲ್ ಲೈಟ್ ಒಡದಿರೋದು ಸಿಕ್ಕೇ ಸಿಗ್ತಾವ. ಯಾರೋ ರಿವರ್ಸ್ ತಗೊಳ್ಳುವಾಗ ಗುದ್ದಿರ್ತಾರ, ಇಲ್ಲಾ ಬೈಕಿನ ಹ್ಯಾಂಡಲ್ ತಾಗಿರ್ತದ. ಒಡೆಯೋದು ದೊಡ್ಡ ಮಾತಲ್ಲ, ಆದ್ರ ಅದಕ್ಕ ಮಂದಿ ಹಚ್ಚಿರೋ ಟೇಪ್ ನೋಡಿದ್ರ ನನಗ ಭಾಳ ಸಂಕಟ ಆಗ್ತದ. ಕೆಲವರು ಪಾರ್ಸಲ್ಲಿನ ಕಂದು ಟೇಪ್ ಸುತ್ತಿರ್ತಾರ, ಕೆಲವರು ವೈರಿಂಗಿಗೆ ಹಚ್ಚೋ ಕೆಂಪು ಇನ್ಸುಲೇಶನ್ ಟೇಪ್ ಹಚ್ಚಿ ಕೆಂಪು ಅದಲ್ಲ ಸಾಕು ಅಂತಾರ. ಹಗಲೊತ್ತಿನಾಗ ಅದು ಕೆಂಪಗೇ ಕಾಣ್ತದ ಖರೆ, ಆದ್ರ ಅದರೊಳಗಿಂದ ಬೆಳಕು ಹೊರಗ ಬರಂಗಿಲ್ಲ. ಸಂಜಿಗೆ ಹುಮನಾಬಾದ್ ರೋಡಿಗೆ ಹತ್ತಿದ್ರ ಹಿಂದಿನವರಿಗೆ ಒಂದೇ ಲೈಟ್ ಕಾಣ್ತದ, ಬೈಕ್ ಇರಬೇಕು ಅಂತ ತಿಳ್ಕೊಂಡು ಬಾಜೂಕಿಂದ ಹಾಯಾಕ ಬಂದ್ರ ಮುಗೀತು.

ಏನೂ ಹಚ್ಚದೇ ಬಿಟ್ರೂ ತಪ್ಪು. ಭಾಳಷ್ಟು ಕಾರಿನಾಗ ಒಳಗಿನ ಬಲ್ಬ್ ಬಿಳೀದೇ ಇರ್ತದ, ಕೆಂಪು ಬಣ್ಣ ಬರೋದು ಮ್ಯಾಲಿನ ಪ್ಲಾಸ್ಟಿಕ್ ಲೆನ್ಸಿನಿಂದ. ಲೆನ್ಸ್ ಒಡದ್ರ ಹಿಂದಕ್ಕ ಬಿಳಿ ಬೆಳಕು ಬೀಳ್ತದ, ಹಿಂದಿನವರಿಗೆ ನೀವು ರಿವರ್ಸ್ ಬರ್ತೀರೋ ಎದುರಿಗೆ ಬರ್ತೀರೋ ಗೊತ್ತಾಗಂಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ಹಿಂದಿನ ಎರಡೂ ಲೈಟು 155 ಮೀಟರ್ ದೂರದಿಂದ ಕೆಂಪಗ ಕಾಣಬೇಕು. ನಮ್ಮ ಟೇಪ್ ಕೆಲಸಾನೂ ಅಷ್ಟಕ್ಕ ಬರಬೇಕು.

ಟೇಪ್ ಮುಟ್ಟೋಕಿಂತ ಮೊದಲ ಫೋಟೋ ತಗೋರಿ, ದೂರದಿಂದ ಒಂದು, ಹತ್ರದಿಂದ ಒಂದು. ಇನ್ಶೂರೆನ್ಸ್ ಕ್ಲೇಮ್ ಮಾಡೋ ವಿಚಾರ ಇದ್ರ ಕಂಪನಿಗೆ ಮೊದಲೇ ತಿಳಿಸ್ರಿ. ಬರೇ ಒಂದು ಲೈಟಿಗೆ ಕ್ಲೇಮ್ ಹಾಕೋದು ನನಗ ಸರಿ ಅನಸಂಗಿಲ್ಲ, ಸಾದಾ ಪಾಲಿಸಿ ಇದ್ರ ಪ್ಲಾಸ್ಟಿಕ್ ಸಾಮಾನಿಗೆ 50% ಸವಕಳಿ ಕಡೀತಾರ, ಮ್ಯಾಲ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದವರಿಗೆ ಪ್ರೀಮಿಯಂದಾಗ ಸಿಗೋ ರಿಯಾಯಿತಿ) ಹೋಗ್ತದ.

ಬೇಕಾಗೋ ಸಾಮಾನು ಸ್ವಲ್ಪೇ. ಲೆನ್ಸ್ ರಿಪೇರಿ ಟೇಪ್ ಅಂತನೇ ಸಿಗ್ತದ, ಕೈಯಾಗ ಹಿಡದು ಬಲ್ಬಿಗೆ ಅಡ್ಡ ಇಟ್ರ ಆಚೆ ಬೆಳಕು ಚಂದಾಗಿ ಕೆಂಪಗ ಕಾಣಬೇಕು, ಅಂಥಾದ್ದೇ ತಗೋರಿ. ಇಂಡಿಕೇಟರ್ ಕಡೆ ಒಡದಿದ್ರ ಕಿತ್ತಳೆ ಬಣ್ಣದ್ದು, ರಿವರ್ಸ್ ಲೈಟಿಗೆ ಬಣ್ಣ ಇಲ್ಲದ್ದು. ಎರಡು ಟ್ಯೂಬಿನ ಪಾರದರ್ಶಕ ಎಪಾಕ್ಸಿ (ಎರಡನ್ನೂ ಕಲಸಿ ಹಚ್ಚೋ ಗಟ್ಟಿ ಅಂಟು), ಮೆಡಿಕಲ್ ಶಾಪಿನಿಂದ ಸರ್ಜಿಕಲ್ ಸ್ಪಿರಿಟ್, ಮೆತ್ತನ್ನ ಹತ್ತಿ ಬಟ್ಟಿ. ಮಿಠಾಯಿ ಡಬ್ಬಿಗೆ ಸುತ್ತೋ ಕೆಂಪು ಜಿಲೇಟಿನ್ ಹಾಳಿ ಬ್ಯಾಡೇ ಬ್ಯಾಡ. ಬ್ರೇಕ್ ಬಲ್ಬ್ 21 ವ್ಯಾಟಿಂದು ಇರ್ತದ, ಅದರ ಬಿಸಿಗೆ ಆ ಹಾಳಿ ಮುದುಡ್ತದ, ಬಿಸಲಿಗೆ ಬಣ್ಣಾನೂ ಹೋಗ್ತದ. ಇನ್ನ ಒಡದ ತುಣುಕು ಒಗೀಬ್ಯಾಡ್ರಿ, ರಸ್ತೆದಾಗ ಬಿದ್ದಿದ್ದನ್ನೂ ಆರಿಸಿ ಇಟ್ಕೋರಿ.

ಈಗ ಎಲ್ಲರೂ ಕೆಡಿಸೋ ಕೆಲಸಕ್ಕ ಬರೋಣ, ಅದು ಟೇಪ್ ಹಚ್ಚೋದಲ್ಲ, ಅದಕ್ಕಿಂತ ಮೊದಲ ತೊಳದು ಒಣಗಿಸೋದು. ನಮ್ಮ ಕಡೆ ಧೂಳು ಹೆಂಗದ ಅಂತ ನಿಮಗೇ ಗೊತ್ತು, ಎರಿ ಮಣ್ಣಿನ ಧೂಳು, ಶಹಾಬಾದ್ ಫರ್ಸಿ ಖಣಿ ಕಡೆ ಹೋಗಿ ಬಂದ್ರ ಬಿಳಿ ಪುಡಿ, ಸೇಡಂ ಕಡೆ ಹೋದ್ರ ಸಿಮೆಂಟ್. ಕೈಲೆ ಒರಸಿದ್ರ ಹೋದಂಗ ಕಾಣ್ತದ, ಆದ್ರ ಸಣ್ಣ ಪುಡಿ ಉಳಿದಿರ್ತದ, ಟೇಪಿನ ಗಮ್ ಲೆನ್ಸ್ ಬಿಟ್ಟು ಆ ಪುಡಿಗೇ ಹತ್ತಿ ನಾಕು ದಿನಕ್ಕ ಅಂಚು ಏಳ್ತದ. ಅದಕ್ಕ ಲೈಟ್ ಬಿಚ್ಚೇ ಬಿಡ್ರಿ, ಕಾರಿನ ಮ್ಯಾಲೇ ಇಟ್ಟು ಮಾಡೋದು ಬ್ಯಾಡ. ಡಿಕ್ಕಿ ತಗದ್ರ ಸ್ಕ್ರೂನೋ ನಟ್ಟೋ ಕಾಣ್ತಾವ, ಅವನ್ನ ಬಿಚ್ಚಿ ಲೈಟನ್ನ ನೆಟ್ಟಗ ಹಿಂದಕ್ಕ ಎಳೀರಿ, ಓರಿ ಮಾಡಿ ಎಳದ್ರ ಆ ಬದಿಯ ಪ್ಲಾಸ್ಟಿಕ್ ಗೂಟ ಮುರೀತಾವ. ಬಲ್ಬ್ ಹೋಲ್ಡರ್ ಎಡಕ್ಕ ತಿರುವಿದ್ರ ಹೊರಗ ಬರ್ತದ.

ಲೆನ್ಸನ್ನ ಸೋಪ್ ನೀರಿನಿಂದ ತೊಳೀರಿ, ಆಮ್ಯಾಗ ಸ್ಪಿರಿಟ್ ಹಚ್ಚಿದ ಬಟ್ಟಿಲೆ ಒರಸ್ರಿ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ರಾನೂ ತರಬ್ಯಾಡ್ರಿ, ಹಿಂದಿನ ಲೆನ್ಸ್ ಹೆಚ್ಚಾಗಿ ಅಕ್ರಿಲಿಕ್, ಮುಂದಿನದು ಪಾಲಿಕಾರ್ಬೊನೇಟ್, ಎರಡಕ್ಕೂ ಅವು ಹತ್ತಿದ್ರ ಕೂದಲಿನಷ್ಟು ಸಣ್ಣ ಬಿರುಕು ತುಂಬಾ ಏಳ್ತಾವ. ಸ್ಯಾನಿಟೈಸರ್ ಆಗ್ತದೇನ್ರಿ ಅಂತ ಕೇಳ್ತಾರ, ಅದರಾಗ ಕೈ ಮೆತ್ತಗಾಗ್ಲಿ ಅಂತ ಗ್ಲಿಸರಿನ್ ಹಾಕಿರ್ತಾರ, ಅದೇ ಜಿಡ್ಡು ಲೆನ್ಸ್ ಮ್ಯಾಲ ಕೂಡ್ತದ, ಬ್ಯಾಡ. ಒಳಗಿನ ಬೆಳ್ಳಿಯಂಥಾ ಹೊಳಪನ್ನ ತಿಕ್ಕಬ್ಯಾಡ್ರಿ, ಅದು ಅಲ್ಯುಮಿನಿಯಂದು ಭಾಳ ತೆಳು ಪದರ, ಒಂದ್ಸಲ ತಿಕ್ಕಿದ್ರೂ ಏಳ್ತದ. ಆಮ್ಯಾಗ ಬಾಯಿ ಕೆಳಗ ಮಾಡಿ ರಾತ್ರಿ ಪೂರ್ತಿ ಫ್ಯಾನಿನ ಕೆಳಗ ಇಡ್ರಿ. ಅರ್ಜೆಂಟ್ ಇದ್ರ ಹೇರ್ ಡ್ರೈಯರ್ ಸಣ್ಣ ಬಿಸಿಗೆ ಇಟ್ಟು ದೂರದಿಂದ ಹಿಡೀರಿ. ಒಳಗ ತೇವ ಉಳದು ಟೇಪ್ ಹಚ್ಚಿದ್ರ ಬಲ್ಬ್ ಹತ್ತಿದ ಕೂಡ್ಲೇ ಆವಿ ಎದ್ದು ಲೆನ್ಸ್ ಮಬ್ಬಾಗ್ತದ, ಹೋಲ್ಡರಿನ ಪತ್ರಿಗೆ ಜಂಗ್ ಹಿಡೀತದ.

ಬರೇ ಬಿರುಕು ಇದ್ರ ಅದು ಎಲ್ಲಿ ಮುಗೀತದೋ ಆ ತುದಿಗೆ 2 ಮಿಲಿಮೀಟರ್ ಡ್ರಿಲ್ ಬಿಟ್ಟಿಲೆ ನಿಧಾನಕ್ಕ ಒಂದು ತೂತು ಹಾಕ್ರಿ, ಬಿರುಕು ಅಲ್ಲಿಗೇ ನಿಲ್ತದ. ತುಣುಕು ಸಿಕ್ಕಿದ್ರ ಅವನ್ನ ಜೋಡ್ಸಿ ಎಪಾಕ್ಸಿ ಹಚ್ರಿ, ಎರಡೂ ಟ್ಯೂಬಿಂದು ಸಮ ಸಮ ತಗೊಂಡು ಚಂದಾಗಿ ಕಲಸಬೇಕು, ಕಮ್ಮಿ ಜಾಸ್ತಿ ಆದ್ರ ಅದು ಯಾವತ್ತೂ ಗಟ್ಟಿ ಆಗಂಗಿಲ್ಲ. 5 ನಿಮಿಷದಾಗ ಹತ್ತೋದಕ್ಕಿಂತ ತಡವಾಗಿ ಹತ್ತೋದೇ ತಗೋರಿ, ನಮ್ಮ ಬ್ಯಾಸಗಿದಾಗ ಐದು ನಿಮಿಷದ್ದು ಕಲಸೋದ್ರಾಗೇ ಗಟ್ಟಿ ಆಗಿರ್ತದ. ಸೂಪರ್ ಗ್ಲೂ ಹಚ್ಚೋದು ಎಲ್ಲರಿಗೂ ಸಲೀಸು, ಆದ್ರ ಅದರ ಹೊಗಿಗೆ ಸುತ್ತಲಿನ ಪ್ಲಾಸ್ಟಿಕ್ ಬೆಳ್ಳಗ ಮಬ್ಬಾಗ್ತದ, ರಸ್ತೆ ತಗ್ಗಿನ ಹೊಡತಕ್ಕ ಬಿಟ್ಟೂ ಬಿಡ್ತದ. ತುಣುಕು ಸಿಗದೇ ತೂತು ಉಳದಿದ್ರ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳಿ ಕತ್ತರಿಸಿ ಹೊರಗಿನಿಂದ ಅಂಟ್ಸಿ ಅದರ ಮ್ಯಾಲ ಟೇಪ್ ಹಚ್ರಿ, ಒಳಗಿಂದ ಬ್ಯಾಡ, ಬಲ್ಬಿಗೆ ಹತ್ರ ಆಗ್ತದ.

ಟೇಪ್ ಹಚ್ಚೋದು ಬೆಳಿಗ್ಗೆ, ನೆರಳಿನಾಗ. ಮೇ ತಿಂಗಳ ಮಧ್ಯಾಹ್ನ ಕಾದ ಲೆನ್ಸಿಗೆ ಹಚ್ಚಿದ್ದು ನಿಲ್ಲಂಗಿಲ್ಲ. ಮೂಲಿ ಗುಂಡಗ ಕತ್ತರಿಸ್ರಿ, ಒಡದ ಜಾಗಾದ ಸುತ್ತ 2 ಸೆಂಟಿಮೀಟರ್ ಆದ್ರೂ ಗಟ್ಟಿ ಲೆನ್ಸ್ ಮ್ಯಾಲ ಹತ್ತಬೇಕು. ಕೆಳಗಿಂದ ಮ್ಯಾಲಕ್ಕ ಹಚ್ಕೊಂತ ಹೋಗ್ರಿ, ಮ್ಯಾಲಿನ ಪಟ್ಟಿ ಕೆಳಗಿನ ಪಟ್ಟಿ ಮ್ಯಾಲ ಬಂದ್ರ ಮಳಿ ನೀರು ಜಾರಿ ಹೋಗ್ತದ. ಎಳದು ಹಚ್ಚಬ್ಯಾಡ್ರಿ. ಒಂದರ ಮ್ಯಾಲ ಒಂದು ಹಚ್ಕೊಂತ ಹೋದ್ರ ಬೆಳಕು ಮಂದ ಆಗ್ತದ, ಒಂದೇ ಪದರ ಸಾಕು. ಕೆಳಗಿನ ಸಣ್ಣ ತೂತು ಮುಚ್ಚಬ್ಯಾಡ್ರಿ, ಅದು ತೇವ ಹೊರಗ ಹೋಗಾಕೇ ಇಟ್ಟಿರ್ತಾರ.

ಲೈಟ್ ಕೂಡ್ಸಿದ ಮ್ಯಾಗ ಕತ್ತಲಾದ ಕೂಡ್ಲೇ ಮನೀದವರೊಬ್ಬರನ್ನ ಹಿಂದ ನಿಲ್ಸಿ ಬ್ರೇಕ್ ಒತ್ರಿ, ಒಬ್ಬರೇ ಇದ್ರ ಗೋಡೆಗೆ ಹಿಂದ ಮಾಡಿ ನಿಲ್ಸಿ ಕನ್ನಡಿದಾಗ ನೋಡ್ರಿ. ಎರಡೂ ಬದಿ ಒಂದೇ ಕೆಂಪು ಇರಬೇಕು, ಬ್ರೇಕ್ ಒತ್ತಿದಾಗ ಎದ್ದು ಕಾಣಂಗ ಜೋರಾಗಬೇಕು. ಆಗಲಿಲ್ಲಂದ್ರ ಕಿತ್ತು ಮತ್ತ ಹಚ್ರಿ. ಆಳಂದ, ಅಫಜಲಪುರ ರೋಡಿನಾಗ ಕಬ್ಬಿನ ಹಂಗಾಮಿನಾಗ ರಾತ್ರಿ ಓಡಾಡೋರಿಗೆ ಹಿಂದ ಕೆಂಪು ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎಷ್ಟು ಹತ್ರ ಬಂದ ಮ್ಯಾಗ ಕಾಣ್ತದ ಅಂತ ಹೇಳಬೇಕಾಗಿಲ್ಲ.

ಮುಂದಿನ ಹೆಡ್‌ಲೈಟಿಗೆ ಈ ಟೇಪ್ ಹಚ್ಚಬ್ಯಾಡ್ರಿ, ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೀತದ. ಸಣ್ಣ ಬಿರುಕಿಗೆ ಎಪಾಕ್ಸಿ ತುಂಬ್ರಿ ಅಷ್ಟೇ, ಒಳಗಿನ ರಿಫ್ಲೆಕ್ಟರೇ ಒಡದಿದ್ರ ಹೊಸದು ಹಾಕೋತನಕ ರಾತ್ರಿ ಗಾಡಿ ತಗೀಬ್ಯಾಡ್ರಿ. ಬಲ್ಬ್ ಬದ್ಲಿಸುವಾಗ ಗಾಜು ಬರಿಗೈಲೆ ಮುಟ್ಟಬ್ಯಾಡ್ರಿ, ಬೆರಳಿನ ಜಿಡ್ಡು ಹತ್ತಿದ ಜಾಗಾ ಹೆಚ್ಚು ಕಾದು ಹ್ಯಾಲೊಜನ್ ಬಲ್ಬ್ ಲಗೂನ ಹೋಗ್ತದ. ಹೆಡ್‌ಲೈಟಿನ ಎಚ್4 ಬಲ್ಬ್ ಕಂಪನಿಂದು 60/55 ವ್ಯಾಟ್ (ಹೈ ಬೀಮ್/ಲೋ ಬೀಮ್) ಇರ್ತದ, ಅಂಗಡ್ಯಾಂವ 100/90 ಕೊಟ್ಟು ಜೋರ್ ಬೆಳಕು ಬರ್ತದ ಅಂದ್ರ ಒಪ್ಪಬ್ಯಾಡ್ರಿ, ಹೋಲ್ಡರ್ ಕರಗ್ತದ. ಪೂರಾ ಸೀಲ್ ಆಗಿರೋ ಎಲ್‌ಇಡಿ ಲೈಟಿನೊಳಗ ನೀರು ಹೋಗಿದ್ರ ಬಿಚ್ಚಾಕ ಹೋಗಬ್ಯಾಡ್ರಿ, ಹೊರಗಿನಿಂದ ಟೇಪ್ ಹಚ್ಚಿ ಸೀದಾ ವರ್ಕ್‌ಶಾಪಿಗೆ ಒಯ್ರಿ.

ಟೇಪ್ ಗುಲಾಬಿ ಬಣ್ಣಕ್ಕ ತಿರುಗಿದ್ರ ಬದ್ಲಿಸೋ ಟೈಮ್ ಬಂತು ಅಂತ ಲೆಕ್ಕ. ಅಷ್ಟ್ರಾಗ ಹೊಸ ಲೈಟ್ ಆರ್ಡರ್ ಹಾಕಿ ಬಿಡ್ರಿ, ಅಂಗಡಿಗೆ ಹೋಗುವಾಗ ಆರ್‌ಸಿ ಫೋಟೋ ಇಟ್ಕೋರಿ, ಒಂದೇ ಹೆಸರಿನ ಕಾರಿಗೂ ವರ್ಷ ಬದಲಾದ್ರ ಲೈಟ್ ಬ್ಯಾರೇ ಬರ್ತದ. ಎಡದ್ದೋ ಬಲದ್ದೋ ಅನ್ನೋದನ್ನ ಡ್ರೈವರ್ ಸೀಟಿನಾಗ ಮುಂದ ನೋಡಿ ಕುಂತಂಗ ಲೆಕ್ಕ ಹಿಡದು ಹೇಳ್ರಿ, ಮತ್ತ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಲೈಟಿನ ಜೊತಿಗೆ ಬಂದದೋ ಇಲ್ಲೋ ಅಂಗಡಿದಾಗೇ ತಗದು ನೋಡ್ರಿ.