ಮೊದಲು ಕಣ್ಣು, ಆಮೇಲೆ ತಲೆ: ಬಂಡೂರು ಕುರಿಮರಿ ಬರೆಸಿದ ನನ್ನ ಅನುಭವ

ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ. ತಲೆಗೆ ಅಂತ ಮೊದಲು ವೃತ್ತ ಬರೆಯುವುದಿಲ್ಲ, ಅದರ ಮೇಲೆ ಪ್ಲಸ್ ಗೆರೆ ಎಳೆಯುವುದೂ ಇಲ್ಲ. ಖಾಲಿ ಹಾಳೆ ಮೇಲೆ ಬಾಲ್ ಪೆನ್ನಲ್ಲಿ ನೇರವಾಗಿ ಎರಡು ಕಣ್ಣು. ಹೊಸಬರಿಗೆ ಮುದ್ದು ಪ್ರಾಣಿ ಬರೆಯುವುದನ್ನು ಹೀಗೆ ಶುರು ಮಾಡಿಸುತ್ತೇನೆ ಅಂದಾಗ ಮಂಡ್ಯದಲ್ಲಿ ನನಗೆ ಗೊತ್ತಿರುವ ಡ್ರಾಯಿಂಗ್ ಮೇಷ್ಟ್ರುಗಳೆಲ್ಲ ನಕ್ಕರು. "ತಲೇನೇ ಇಲ್ದೆ ಕಣ್ಣು ಎಲ್ಲಿಗೆ ಅಂಟಿಸ್ತೀರಾ ಸ್ವಾಮಿ?" ಅಂತ ಒಬ್ಬರು ಕೇಳಿದರು. ಈಗ ಅವರೇ ತಮ್ಮ ಬೇಸಿಗೆ ಶಿಬಿರದಲ್ಲಿ ಇದನ್ನೇ ಹೇಳಿಕೊಡುತ್ತಿದ್ದಾರೆ, ನನ್ನ ಹೆಸರು ಮಾತ್ರ ಎತ್ತುವುದಿಲ್ಲ. ಇರಲಿ. ಅದಕ್ಕೇ ನಾನೇ ಬರೆದುಬಿಡೋಣ ಅನ್ನಿಸಿತು.

ನಾನು ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ನರ್ಸರಿ ಶಾಲೆ, ಅಂಗನವಾಡಿ ಗೋಡೆಗಳಿಗೆ ಪ್ರಾಣಿ ಪಕ್ಷಿ ಬರೆಯಲು ಶುರು ಮಾಡಿದೆ. ಜೊತೆಗೆ ಗುತ್ತಲು ರಸ್ತೆ ಕಡೆ ಮನೆ ಮೇಲಿನ ಶೀಟ್ ರೂಮಿನಲ್ಲಿ ಕ್ಲಾಸು. ತಿಂಗಳಿಗೆ 600 ರೂಪಾಯಿ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟುವವರು ನನ್ನ ಹತ್ತಿರ ಬರುವುದಿಲ್ಲ. ಬರುವವರು ಎರಡನೇ ಮೂರನೇ ಕ್ಲಾಸಿನ ಮಕ್ಕಳು, ಅಂಗನವಾಡಿ ಮೇಡಂಗಳು, ಮೊಮ್ಮಗುವಿಗೆ ಏನಾದರೂ ಬರೆದು ತೋರಿಸಬೇಕು ಅನ್ನುವ ಅಜ್ಜಿಯರು. ಇವರಿಗೆ ಬೇಕಾಗಿರುವುದು ಒಂದೇ. ಒಂದು ಮುದ್ದಾದ ಪ್ರಾಣಿ, ಅದೂ ಮೊದಲನೇ ದಿನವೇ ಬರಬೇಕು. ಬರದಿದ್ದರೆ ಎರಡನೇ ದಿನಕ್ಕೆ ಚಪ್ಪಲಿ ಸಂಖ್ಯೆ ಅರ್ಧ ಆಗಿರುತ್ತದೆ.

ಎಲ್ಲರೂ ಹೇಳಿಕೊಡುವುದು ವೃತ್ತದಿಂದ ಶುರು ಮಾಡುವ ವಿಧಾನ: ಮೊದಲು ತಲೆಗೆ ವೃತ್ತ, ಕಣ್ಣು ಮೂಗಿನ ಜಾಗ ಗುರುತಿಸಲು ಅದರ ಮೇಲೆ ಪ್ಲಸ್ ಗೆರೆ. ಅದು ಕೈ ಪಳಗಿದವರಿಗೆ ಸರಿ. ಹೊಸಬರು ಏನು ಮಾಡುತ್ತಾರೆ ಅಂದರೆ, ವೃತ್ತ ಗುಂಡಗೆ ಬರಲಿಲ್ಲ ಅಂತ ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ, ಮತ್ತೆ ಅಳಿಸುತ್ತಾರೆ, ಹಾಳೆ ಕಪ್ಪಾಗುತ್ತದೆ, ಕಾಲು ಗಂಟೆ ಅಲ್ಲೇ ಹೋಗಿರುತ್ತದೆ. ಆಮೇಲೆ ಪ್ಲಸ್ ಗೆರೆ. ಕಣ್ಣು ಆ ಗೆರೆಯ ಕೆಳಗೆ ಅಂತ ಎಷ್ಟು ಸಲ ಹೇಳಿದರೂ ಮೇಲೆಯೇ ಇಡುತ್ತಾರೆ, ಚಿಕ್ಕದಾಗಿ, ಹತ್ತಿರ ಹತ್ತಿರ. ಕೊನೆಗೆ ಬಂದಿರುವುದು ಮರಿ ಅಲ್ಲ, ಮುದಿ ಟಗರು. 30 ಜನರ ಬ್ಯಾಚಿನಲ್ಲಿ ಮನೆಗೆ ತೋರಿಸುವಂಥ ಚಿತ್ರ ಎಂಟೋ ಹತ್ತೋ ಆಗುತ್ತಿದ್ದವು.

ಬೋರ್ಡಿನವನಾದ್ದರಿಂದ ಮಾದರಿ ಚಿತ್ರಕ್ಕೂ ಹಾಳೆಗೂ ಚೌಕ ಹಾಕಿ, ಒಂದೊಂದು ಚೌಕ ನೋಡಿಕೊಂಡು ಬರೆಸಿ ನೋಡಿದೆ. ಅಚ್ಚುಕಟ್ಟಾಗಿ ಬಂತು. ಆದರೆ ಮಾರನೇ ವಾರ ಚೌಕ ಇಲ್ಲದೆ ಒಂದು ಕಿವಿ ಬರೆ ಅಂದರೆ ಮುಖ ಮುಖ ನೋಡುತ್ತಾರೆ. ಆಮೇಲೆ ಚುಕ್ಕಿ ಸೇರಿಸುವ ಹಾಳೆ. ಜೆರಾಕ್ಸಿಗೆ ದುಡ್ಡು ಹೋಗುತ್ತಿದೆ ಅಂತ ಪುಸ್ತಕವನ್ನೇ ಮಾಡಿಸಿದೆ. 500 ಪ್ರತಿ, ಹತ್ತಿರ ಹತ್ತಿರ 18,000 ರೂಪಾಯಿ. ಅಚ್ಚು ಹಾಕಿದವರು ಚುಕ್ಕಿಗಳನ್ನು ಎಷ್ಟು ತೆಳುವಾಗಿ ಹೊಡೆದಿದ್ದರು ಅಂದರೆ ಸಂಜೆ ಟ್ಯೂಬ್‌ಲೈಟಿನಲ್ಲಿ ಅಂಕಿಗಳೇ ಕಾಣುತ್ತಿರಲಿಲ್ಲ. ಕೇಳಲು ಹೋದರೆ "ಪ್ರೂಫ್ ನೋಡಿ ಸೈನ್ ಹಾಕಿದ್ರಲ್ಲಾ" ಅಂದರು. ನೂರು ನೂರಿಪ್ಪತ್ತು ಮಾರಾಟ ಆಗಿರಬಹುದು, 40 ರೂಪಾಯಿಯಂತೆ. ಮಿಕ್ಕಿದ್ದು ಅಟ್ಟದ ಮೇಲಿದೆ. ಒಂದು ಮಗ್ಗುಲು ಖಾಲಿ ಇರುವುದರಿಂದ ರಫ್ ಹಾಳೆಗೆ ಹರಿದು ಕೊಡುತ್ತಿದ್ದೇನೆ, ಅಷ್ಟಾದರೂ ವಾಪಸ್ ಬಂತು.

ಕಣ್ಣಿನಿಂದ ಶುರು ಮಾಡುವುದು ಹೊಳೆದದ್ದು ಒಂದು ಅಂಗನವಾಡಿ ಗೋಡೆಯಲ್ಲಿ. ಹಳೇ ಸ್ವಿಚ್ ಬೋರ್ಡ್ ಕಿತ್ತ ಜಾಗದಲ್ಲಿ ಎರಡು ತೂತು ಉಳಿದಿದ್ದವು. ಸಿಮೆಂಟ್ ಮೆತ್ತುವುದಕ್ಕೆ ಅವರ ಹತ್ತಿರ ದುಡ್ಡಿಲ್ಲ, ನನ್ನ ಹತ್ತಿರ ಸಮಯ ಇಲ್ಲ. ಆ ತೂತುಗಳನ್ನೇ ಕಣ್ಣು ಮಾಡಿ ಸುತ್ತ ತಲೆ ಎಳೆದುಬಿಟ್ಟೆ. ತೂತುಗಳು ದೂರ ದೂರ ಇದ್ದವು, ಮೇಲೆ ಜಾಗ ಜಾಸ್ತಿ ಇತ್ತು, ಕೆಳಗೆ ಮಕ್ಕಳ ಕೈಗೆ ಸಿಗುವಷ್ಟು ಎತ್ತರಕ್ಕೆ ಆಯಿಲ್ ಪೇಂಟಿನ ಪಟ್ಟಿ ಇದ್ದದ್ದರಿಂದ ಗದ್ದ ಚಿಕ್ಕದು ಮಾಡಬೇಕಾಯಿತು. ಆ ಗೋಡೆಯಲ್ಲಿದ್ದ ಎಲ್ಲ ಪ್ರಾಣಿಗಳಿಗಿಂತ ಮುದ್ದಾಗಿ ಬಂದದ್ದು ಅದೇ. ಮಕ್ಕಳು ಬಂದು ಮುಟ್ಟುತ್ತಿದ್ದದ್ದೂ ಅದನ್ನೇ. ತಲೆ ದೊಡ್ಡದು, ಹಣೆ ಎತ್ತರ, ಕಣ್ಣು ಕೆಳಗೆ, ಕೆನ್ನೆ ತುಂಬಿಕೊಂಡಿದ್ದರೆ ನೋಡುವವರಿಗೆ ಮುದ್ದು ಬರುತ್ತದೆ ಅಂತ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ಕಾನ್ರಾಡ್ ಲೊರೆಂಝ್ 1943ರಲ್ಲೇ ಬರೆದಿದ್ದಾರೆ ಅಂತ ಆಮೇಲೆ ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಹೇಳಿದ. ನನಗೆ ಹೇಳಿಕೊಟ್ಟದ್ದು ಸ್ವಿಚ್ ಬೋರ್ಡಿನ ತೂತು.

ಪ್ರಾಣಿ ಯಾವುದು ಅನ್ನುವುದು ಮುಂದಿನ ಪ್ರಶ್ನೆ. ಎಲ್ಲರೂ ಬೆಕ್ಕು, ಮೊಲ, ಟೆಡ್ಡಿ ಕರಡಿ ಬರೆಸುತ್ತಾರೆ. ನಾನು ಹಿಡಿದದ್ದು ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ. ಸುಮ್ನೆ ಊರಭಿಮಾನಕ್ಕಲ್ಲ. ಇಂಗ್ಲಿಷ್ ಕಾರ್ಟೂನಿನ ಕುರಿಗೆ ಮೈತುಂಬ ಗುಂಗುರು ಉಣ್ಣೆ. ಹೊಸಬರ ಕೈಯಲ್ಲಿ ಆ ಗುಂಗುರು ಒಂದೊಂದು ಒಂದೊಂದು ಅಳತೆಗೆ ಹೋಗುತ್ತದೆ. ಬಂಡೂರಿಗೆ ಉಣ್ಣೆ ಇಲ್ಲ, ಒರಟು ಕೂದಲು, ಹಾಗಾಗಿ ಒಂದೇ ಗೆರೆ ಸಾಕು. ಕೊಂಬಿಲ್ಲ, ಹೆಣ್ಣಿಗೂ ಇಲ್ಲ ಗಂಡಿಗೂ ಇಲ್ಲ. ಕಾಲು ಮೋಟು. ಬಾಲ ಚಿಕ್ಕದು. ಕಿವಿ ಉದ್ದ, ಎಲೆಯ ಹಾಗೆ ಜೋಲುತ್ತದೆ. ಹಿಂದಿನಿಂದ ನೋಡಿದರೆ ಮೈ ತಲೆಕೆಳಗಾದ ಯು ಅಕ್ಷರ, ಕುರಿ ವ್ಯಾಪಾರದವರು ತಳಿ ಗುರುತಿಸುವುದೂ ಹಾಗೇ. ಕಾರ್ಟೂನಿಗೆ ಅಂತಲೇ ಹುಟ್ಟಿದ ಪ್ರಾಣಿ ಅಲ್ವಾ? ಗುಂಗುರು ಕುರಿ ಬರೆಸಿದಾಗ ಹಳ್ಳಿ ಹುಡುಗರು "ಇದ್ಯಾವ್ ಕುರಿ ಸಾರ್?" ಅಂತ ನಗುತ್ತಿದ್ದರು. ಈಗ ನಗುವುದಿಲ್ಲ, ತಪ್ಪು ಹುಡುಕುತ್ತಾರೆ.

ಬರೆಸುವುದು ಹೀಗೆ. ಎ4 ಹಾಳೆ ಉದ್ದಕ್ಕೆ ಇಟ್ಟು, ಅಡ್ಡಕ್ಕೆ ಒಂದು ಸಲ ಮಡಿಸಿ ಬಿಚ್ಚಿ. ಆ ಮಡಿಕೆಗಿಂತ ಎರಡು ಬೆರಳು ಮೇಲೆ ಒಂದು ರೂಪಾಯಿ ಕಾಸು ಇಟ್ಟು ಸುತ್ತ ಗೆರೆ ಎಳೆಯಿರಿ. ಇನ್ನೆರಡು ಕಾಸಿನಷ್ಟು ಜಾಗ ಬಿಟ್ಟು, ಅದೇ ಮಟ್ಟದಲ್ಲಿ ಇನ್ನೊಂದು. ಎರಡಕ್ಕೂ ಒಂದೇ ಕಾಸು ಇರಲಿ, ಹಳೇ ಕಾಸು ದೊಡ್ಡದು, ಹೊಸದು ಚಿಕ್ಕದು, ಬೆರೆಸಿದರೆ ಕುರಿ ಮೆಳ್ಳಗಣ್ಣಾಗುತ್ತದೆ. ಕಪ್ಪು ತುಂಬುವ ಮೊದಲು ಹೊಳಪಿಗೆ ಪುಟ್ಟ ವೃತ್ತ ಬರೆದುಕೊಳ್ಳಬೇಕು, ಎರಡು ಕಣ್ಣಲ್ಲೂ ಬಲಗಡೆ ಮೇಲೆ. ಇದನ್ನು ಮರೆತರೆ ಕಪ್ಪು ತುಂಬುವ ಹುಮ್ಮಸ್ಸಿನಲ್ಲಿ ಬಿಳಿ ಉಳಿಯುವುದೇ ಇಲ್ಲ, ಆಮೇಲೆ ವೈಟ್ನರ್ ಹುಡುಕುತ್ತಾರೆ. ವೈಟ್ನರ್ ಚುಕ್ಕಿ ಹಾಕಿದ ಕಣ್ಣು ಹೊಳೆಯುವುದಿಲ್ಲ, ಪೊರೆ ಬಂದ ಹಾಗೆ ಕಾಣುತ್ತದೆ.

ಮೂಗು ಎರಡು ಕಣ್ಣಿನ ತಳದ ಮಟ್ಟಕ್ಕೇ, ಚಿಕ್ಕದು. ಕೆಳಗೆ ಇಳಿಸಿದಷ್ಟೂ ವಯಸ್ಸಾಗುತ್ತದೆ. ಅದರಿಂದ ಒಂದು ಸಣ್ಣ ಗೆರೆ ಇಳಿಸಿ ಎರಡು ಕಡೆ ಬಾಯಿ. ಇಷ್ಟಾದ ಮೇಲೆ ತಲೆ. ಕಣ್ಣಿನ ಮೇಲೆ ಮೂರು ಕಾಸಿನಷ್ಟು ಎತ್ತರ, ಕೆಳಗೆ ಒಂದೂವರೆ ಕಾಸು. ಎಡಗೆನ್ನೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ ಬಲಗೆನ್ನೆಗೆ ಇಳಿಸಿ. ಗೆರೆ ಅಲ್ಲಾಡಿದರೆ ಅಲ್ಲಾಡಲಿ, ಅಲ್ಲೆರಡು ಕೂದಲು ಎಳೆದರೆ ಆಯಿತು. ವೃತ್ತ ಮೊದಲು ಬರೆದರೆ ಗುಂಡಗೆ ಬರಲಿಲ್ಲ ಅನ್ನುವ ಚಿಂತೆ. ಮುಖ ಆಗಲೇ ಹಾಳೆಯಿಂದ ನಮ್ಮನ್ನು ನೋಡುತ್ತಿದ್ದರೆ ಆ ಚಿಂತೆಯೇ ಬರುವುದಿಲ್ಲ, ಕೈ ತಾನೇ ಸಡಿಲ ಆಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಕಿವಿ ಕಣ್ಣಿನ ಮಟ್ಟದಲ್ಲಿ ಹುಟ್ಟಿ ಕೆಳಗೆ ಜೋಲಬೇಕು. ನೆತ್ತಿ ಮೇಲೆ ನಿಲ್ಲಿಸಿದರೆ ಮೊಲ. ಮೈ ಅಂದರೆ ಗದ್ದದ ಹಿಂದಿನಿಂದ ಇಳಿಯುವ ತಲೆಕೆಳಗಾದ ಯು, ತಲೆಗಿಂತ ಸಪೂರ. ಕಾಲು ಒಂದು ಕಾಸಿನ ಎತ್ತರ ಮೀರಬಾರದು. ಕೊನೆಗೆ ಗದ್ದದ ಕೆಳಗೆ ಎರಡು ಹನಿ. ಬಂಡೂರು ಕುರಿಗಳಲ್ಲಿ ಬಹಳಕ್ಕೆ ಕೊರಳಲ್ಲಿ ಎರಡು ತೊಗಲಿನ ತುಂಡು ಜೋಲುತ್ತಿರುತ್ತದಲ್ಲ, ಅದು. ಈ ಎರಡು ಹನಿ ಬಿದ್ದ ತಕ್ಷಣ ಹಳ್ಳಿ ಮಕ್ಕಳು "ನಮ್ಮನೆ ಕುರಿ" ಅಂತ ಕೂಗುತ್ತಾರೆ. ಮುಖಕ್ಕೆ ತೆಳು ಕಂದು, ಆಯಿಲ್ ಪೇಸ್ಟಲ್ ಬೆರಳಲ್ಲಿ ಉಜ್ಜಿ. ಮೈ ಬಿಳಿ ಹಾಳೆಯ ಬಿಳಿಯೇ.

ಹೊರಗಿನ ಗೆರೆಯನ್ನು ಎಲ್ಲಿ ದಪ್ಪ ಮಾಡಬೇಕು, ಎಲ್ಲಿ ಬೇಕಂತಲೇ ಕತ್ತರಿಸಿ ಬಿಡಬೇಕು ಅನ್ನುವುದು ಇನ್ನೊಂದಿದೆ. ಹುಬ್ಬಿನದ್ದೂ ಒಂದಿದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ, ನನಗೂ 600 ರೂಪಾಯಿ ಬರಬೇಕು.

ಆ ನಕ್ಕ ಮೇಷ್ಟ್ರು ಒಂದು ಭಾನುವಾರ ತಮ್ಮ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದರು, ಪೆನ್ಸಿಲ್ಲು, ರಬ್ಬರು, ಮೆಂಡರು ಎಲ್ಲ ಜೋಡಿಸಿಕೊಂಡು. ನಾನು ಎದುರಿಗೆ ಮೊದಲನೇ ದಿನದ ಒಬ್ಬ ಅಂಗನವಾಡಿ ಮೇಡಂ ಅವರನ್ನು ಕೂರಿಸಿದೆ. ಸುಮಾರು 20 ನಿಮಿಷಕ್ಕೆ ಅವರ ಮರಿ ಹಾಳೆ ಮೇಲೆ ನಿಂತಿತ್ತು. ಹುಡುಗರು ಇನ್ನೂ ಪ್ಲಸ್ ಗೆರೆ ಅಳಿಸುತ್ತಿದ್ದರು. ಹುಡುಗರ ಗೆರೆ ಶುದ್ಧವಾಗಿತ್ತು, ಅದನ್ನು ಒಪ್ಪಬೇಕು. ಆದರೆ ಮೇಷ್ಟ್ರು ಕೈಗೆ ತೆಗೆದುಕೊಂಡು ನೋಡಿದ್ದು ಮೇಡಂ ಹಾಳೆಯನ್ನು. "ಕಾಸಿಟ್ಟು ಬರೆಸೋದು ಮೋಸ ಕಣ್ರೀ" ಅಂದರು. ಮೂರು ವಾರ ಆದ ಮೇಲೆ ಕಾಸು ಕಿತ್ತುಕೊಳ್ಳುತ್ತೇನೆ ಅಂದೆ. ಆ ಹೊತ್ತಿಗೆ ಅಂತರ ಕೈಗೆ ಕೂತಿರುತ್ತದೆ. ಈಗ 30 ಜನರ ಬ್ಯಾಚಿನಲ್ಲಿ ಮನೆಗೆ ತೋರಿಸುವಂಥ ಚಿತ್ರ 25ಕ್ಕೆ ಕಮ್ಮಿ ಇರುವುದಿಲ್ಲ.

ಖರ್ಚಿನ ಮಾತು. ಎ4 ಕಟ್ಟು 500 ಹಾಳೆಗೆ 250ರಿಂದ 300, ಪೇಟೆ ಬೀದಿಯಲ್ಲಿ ಚೌಕಾಸಿ ಮಾಡಿದರೆ ಇನ್ನೂ ಸ್ವಲ್ಪ ಕಮ್ಮಿ. ಬಾಲ್ ಪೆನ್ನು 5 ರೂಪಾಯಿಯದ್ದೇ ಸಾಕು. ಜೆಲ್ ಪೆನ್ ಬೇಡ, 75 ಜಿಎಸ್ಎಂನ ತೆಳು ಹಾಳೆಯಲ್ಲಿ ಕಣ್ಣಿಗೆ ಕಪ್ಪು ತುಂಬುವಾಗ ಹಿಂದಕ್ಕೆ ಇಳಿಯುತ್ತದೆ, ಅಂಗೈ ತಾಗಿದರೆ ಕುರಿಗೆ ಮೀಸೆ. ಪೆನ್ಸಿಲ್ ಇದ್ದಾಗ ಒಬ್ಬೊಬ್ಬರು ನಾಲ್ಕೈದು ಹಾಳೆ ಹರಿಯುತ್ತಿದ್ದರು, ಈಗ ಒಂದೂವರೆ ಲೆಕ್ಕ. ತಪ್ಪು ಗೆರೆ ಅಳಿಸುವ ಹಾಗಿಲ್ಲ ಅಂದಾಗ ಜನ ನಿಧಾನ ಮಾಡುತ್ತಾರೆ, ಹಾಳೆ ಉಳಿಯುತ್ತದೆ. ನಡುವೆ ಸೆಕೆಂಡ್ ಹ್ಯಾಂಡ್ ಟ್ಯಾಬ್ ಒಂದನ್ನು 9,000ಕ್ಕೆ ತಂದು ಅದರ ಮೇಲೆ ಬರೆಸಲು ಹೋದೆ. ಅಲ್ಲಿ ಬರೆದ ಗೆರೆ ವಾಪಸ್ ತೆಗೆಯುವ ಅಂಡೂ (undo) ಬಟನ್ ಇದೆ, ರಬ್ಬರಿಗಿಂತ ಕೆಟ್ಟದ್ದು. ಈಗ ಅದರಲ್ಲಿ ಮೊಮ್ಮಗಳು ಹಾಡು ನೋಡುತ್ತಾಳೆ.

ಗೋಡೆಗೂ ಇದೇ ಲೆಕ್ಕ. ಕಾಸಿನ ಬದಲು ಊಟದ ತಟ್ಟೆ. ಎರಡು ತಟ್ಟೆ ಬಿಟ್ಟು ಇನ್ನೊಂದು ಕಣ್ಣು, ಮೇಲೆ ಮೂರು ತಟ್ಟೆ, ಕೆಳಗೆ ಒಂದೂವರೆ. ಆಳೆತ್ತರ ಹತ್ತಿರ ಬರುವ ತಲೆ ಆಗುತ್ತದೆ, ಸುಣ್ಣ ಹೊಡೆಯುವ ಹುಡುಗರೇ ಬರೆದುಬಿಡುತ್ತಾರೆ. ಮೊದಲು ಚೌಕ ಹಾಕಲು ದಾರ ಹೊಡೆಯುವುದಕ್ಕೇ ಅರ್ಧ ದಿನ ಹೋಗುತ್ತಿತ್ತು. ಒಂದು ಗೋಡೆಗೆ 4,500 ತೆಗೆದುಕೊಳ್ಳುತ್ತೇನೆ, ಬಣ್ಣ ಅವರದ್ದು. ಸರ್ಕಾರಿ ಶಾಲೆಗಳ ನಲಿ-ಕಲಿ ಕೊಠಡಿಗಳಲ್ಲಿ ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪು ಹಲಗೆ ಇರುತ್ತದಲ್ಲ, ಅಲ್ಲಿ ಸೀಮೆಸುಣ್ಣದಲ್ಲಿ ಬರೆಸಿದೆ. ಕಪ್ಪಿನ ಮೇಲೆ ಬಿಳಿ ಕುರಿ ಇನ್ನೂ ಚೆನ್ನ. ಕಣ್ಣು ಮಾತ್ರ ತಿರುಗುಮುರುಗು, ಮುಖಕ್ಕೆಲ್ಲ ಸುಣ್ಣ ತುಂಬಿ ಕಣ್ಣಿನ ಜಾಗ ಖಾಲಿ ಬಿಡಬೇಕು.

ಬೇರೆ ಪ್ರಾಣಿಗಳಿಗೂ ಹಾಕಿ ನೋಡಿದ್ದೇನೆ. ಆನೆಮರಿ ಬರುತ್ತದೆ, ಕಾಸಿನ ಬದಲು ಅಂಗಿ ಗುಂಡಿ ಇಟ್ಟರೆ. ಆನೆಗೆ ದೊಡ್ಡ ಕಣ್ಣು ಒಗ್ಗುವುದಿಲ್ಲ. ನೆತ್ತಿ ಮೇಲೆ ನಾಲ್ಕು ಕೂದಲು ಬಿಡಿ, ಮರಿ ಆನೆಗೆ ನಿಜವಾಗಿ ಇರುತ್ತದೆ. ದಸರಾ ಸಮಯಕ್ಕೆ ಮೈಸೂರಿನವರು ಹಣೆಗೆ ಅಲಂಕಾರ ಹಾಕಿಸಿ ಅನ್ನುತ್ತಾರೆ, ಹಾಕಿದರೆ ಎತ್ತರದ ಹಣೆ ಮುಚ್ಚಿಹೋಗಿ ಮರಿತನ ಹೋಗುತ್ತದೆ. ಹಳ್ಳಿಕಾರ್ ಕರು ಸಲೀಸು, ಕೊಂಬು ಮೂಡಿಲ್ಲದ ಕರು ಅಂದುಕೊಂಡರೆ. ಕಾಗೆ ಕಷ್ಟ. ಕಾಗೆ ಅಂದರೆ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಪ್ರಾಣವಾಗಿತ್ತು, ಅವರ ಊರಿನ ಪಕ್ಕದವನಾಗಿ ಬಿಡಬಾರದು ಅಂತ ಹಟ ಹಿಡಿದೆ. ಕಪ್ಪು ಮೈಯಲ್ಲಿ ಕಪ್ಪು ಕಣ್ಣು ಮುಳುಗಿಹೋಗುತ್ತದೆ, ಸುತ್ತ ಬಿಳಿ ಉಂಗುರ ಬಿಟ್ಟರೆ ಉಳಿಯುತ್ತದೆ, ಆದರೆ ಗೂಬೆಯ ಕಳೆ ಬರುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯಲ್ಲಿ, ಅಂದರೆ ಪೆಲಿಕನ್ ಹಕ್ಕಿಯಲ್ಲಿ. ಮದ್ದೂರು ಕಡೆಯ ಶಾಲೆಯವರು ಅದೇ ಬೇಕು ಅನ್ನುತ್ತಿದ್ದಾರೆ. ಪಕ್ಕದಿಂದ ಬರೆದರೆ ಕೊಕ್ಕು, ಕೊಕ್ಕಿನ ಚೀಲ ಎಲ್ಲ ಕಾಣುತ್ತದೆ, ಆದರೆ ಒಂದೇ ಕಣ್ಣು, ನನ್ನ ಲೆಕ್ಕ ಅಲ್ಲಿಗೇ ಮುಗಿಯಿತು. ಎದುರಿನಿಂದ ಬರೆದರೆ ಆ ಉದ್ದ ಕೊಕ್ಕು ನಮ್ಮ ಕಡೆಗೇ ಬರಬೇಕು, ಹೊಸಬರ ಕೈಯಲ್ಲಿ ಅದು ಕಟ್ಟಿಕೊಂಡ ಟೈ ಆಗುತ್ತಿದೆ. ಚೀಲವನ್ನು ಕಣ್ಣಿಗೆ ತಾಗಿಸಿ ಉಬ್ಬಿಸಿ ನೋಡಿದೆ, ಪರವಾಗಿಲ್ಲ ಅನ್ನುವಷ್ಟು ಬಂತು, ಅಷ್ಟೇ. ನಿಮ್ಮಲ್ಲಿ ಯಾರಾದರೂ ಹೆಜ್ಜಾರ್ಲೆಯನ್ನು ಎದುರಿನಿಂದ, ಮೊದಲನೇ ದಿನದವರ ಕೈಯಲ್ಲಿ ಬರೆಸಿದ್ದರೆ ಹೇಗೆ ಅಂತ ಹೇಳಿ. ಹುಬ್ಬಿನ ಗುಟ್ಟು ಬೇಕಿದ್ದರೆ ಬದಲಿಗೆ ಕೊಡುತ್ತೇನೆ.